ಮುಳುಗಲಾರದ ಮುಳುಗುಗಾರ

ಗುಡಗೇರಿಯ ದೊಡ್ಡ ಬಾವಿಯ ಪಂಪು ಮೂರು ದಿನದಿಂದ ಬರೀ ಸದ್ದು ಮಾಡುತ್ತಿತ್ತು. ನೀರು ಮಾತ್ರ ಬರುತ್ತಿರಲಿಲ್ಲ. ಅರ್ಧ ಊರು ಕುಡಿಯುವುದು ಅದೇ ನೀರು. ಪಂಪು ನೋಡಿಕೊಳ್ಳುವ ಬಸವಣ್ಣೆಪ್ಪ ಎಲ್ಲ ಬಿಚ್ಚಿ ನೋಡಿ, ನೀರಿನಡಿ ಪೈಪಿನ ಬಾಯಿಗೆ ಏನೋ ಸಿಕ್ಕಿಕೊಂಡಿದೆ ಎಂದ. ಈಜು ಬಲ್ಲ ನಾಲ್ಕು ಜನ ಮುಳುಗಿ ನೋಡಿದರು. ಅಷ್ಟು ಆಳದಲ್ಲಿ ಪೈಪಿಗೆ ಕೈ ಹಾಕುವಷ್ಟರಲ್ಲಿ ಅವರ ಉಸಿರೇ ಮುಗಿಯುತ್ತಿತ್ತು.

ನೀರಿಗೆ ಬಂದಿದ್ದ ಮಲ್ಲಕ್ಕ ಖಾಲಿ ಕೊಡ ಕುಕ್ಕಿ ಅಂದಳು: "ನಮ್ಮ ಗುಲಾಮಹುಸೇನ ಕಾಕಾ ಅದಾರಲ್ಲಾ! ನೌಕಾಪಡೆಯೊಳಗ ಹದಿನೆಂಟು ವರ್ಷ ಸಮುದ್ರದಾಗ ಮುಳುಗ್ಯಾರ. ಈ ಬಾವಿ ಯಾವ ಲೆಕ್ಕ?"

ಗುಲಾಮಹುಸೇನರು ಹಿಗ್ಗಿಹೋದರು. ನಿವೃತ್ತಿಯಾಗಿ ಊರಿಗೆ ಬಂದು ಎರಡು ವರ್ಷವಾಗಿತ್ತು, ಯಾರೂ ಹೀಗೆ ಕರೆದಿರಲಿಲ್ಲ. ಗೋವಾದ ಹಳೆಯ ಗೆಳೆಯನ ಹತ್ತಿರ ಹೋಗಿ, ಮುಳುಗುವ ಸಾಮಾನನ್ನೆಲ್ಲ ಅಳ್ನಾವರದ ಮಾರ್ಗವಾಗಿ ರೈಲಿನಲ್ಲಿ ತಂದರು.

ಮರುದಿನ ಮುಂಜಾನೆ ಬಾವಿಯ ಸುತ್ತ ಜನವೋ ಜನ. ಗುಲಾಮಹುಸೇನರ ಹೆಂಡತಿ ಶಮೀಮಾಬಿಯೂ ಬಂದಿದ್ದರು; ಸಾಮಾನು ತೊಟ್ಟು ಹೊರಟ ಗಂಡನನ್ನು ತಡೆದರು.

"ಸ್ವಲ್ಪ ನಿಂದರ್ರಿ. ಕೊಚ್ಚಿಯೊಳಗ ನೌಕಾಪಡೆಯಾಗ ಇದ್ದಾಗ ನೀರಿಗೆ ಇಳಿಯೂಮುಂದ ಒಬ್ಬರ ಸಾಮಾನ ಇನ್ನೊಬ್ಬರು ನೋಡ್ತಿದ್ರಿ. ಇಲ್ಲಿ ನಾ ನೋಡ್ತೀನಿ."

"ಅದು ಹೊಸಬರಿಗೆ, ಶಮೀಮಾ. ನನಗ ಎಲ್ಲಾ ಬಾಯಿಪಾಠ ಐತಿ."

ಅಂದವರೇ ಧುಮುಕಿದರು. ಮುಳುಗಲೇ ಇಲ್ಲ! ದಪ್ಪ ರಬ್ಬರಿನ ಅಂಗಿ ಅವರನ್ನು ಬೆಂಡಿನ ಹಾಗೆ ತೇಲಿಸಿತು. ಕೈ ಬಡಿದರು, ಕಾಲು ಬಡಿದರು. ಇದ್ದಲ್ಲೇ ಸುತ್ತಿದರು.

"ಕಾಕಾ, ಕೆಲಸ ಕೆಳಗೈತ್ರಿ!" ಎಂದು ಬಸವಣ್ಣೆಪ್ಪ ಕೂಗಿದ.

ಶಮೀಮಾಬಿ ಕಟ್ಟೆಯ ಮೇಲಿದ್ದ ಸೀಸದ ಪಟ್ಟಾ ಎತ್ತಿ ತೋರಿಸಿದರು. "ಭಾರದ ಪಟ್ಟಾ ಇಲ್ಲೇ ಕುಂತೈತಿ ನೋಡ್ರಿ."

ಗುಲಾಮಹುಸೇನರು ಮೆಟ್ಟಿಲು ಹತ್ತಿ ಬಂದು ಪಟ್ಟಾ ಬಿಗಿದರು. ಈಗ ನೀರಿನೊಳಗೆ ಕಣ್ಣಿಗೆ ಹಾಕುವ ಕನ್ನಡಕ ಕಾಣಲಿಲ್ಲ. "ಯಾರ ತಗೊಂಡ್ರಿ? ಈಗ ಇಲ್ಲೇ ಇತ್ತು!" ಬಸವಣ್ಣೆಪ್ಪ ಪಂಪಿನ ಕೋಣೆಯಲ್ಲೆಲ್ಲ ಹುಡುಕಿದ. ಮಲ್ಲಕ್ಕನಿಗೆ ನಗು ತಡೆಯದೆ ಮಾತೇ ಹೊರಡಲಿಲ್ಲ. ಕೊನೆಗೆ ಅವರ ಹಣೆಯ ಕಡೆಗೆ ಬೆರಳು ಮಾಡಿದಳು. ಕನ್ನಡಕ ಅಲ್ಲಿತ್ತು. ನಾಚಿಕೊಂಡು ಅವಸರದಲ್ಲಿ ಹೊರಟರೆ, ಈಜಲು ಕಾಲಿಗೆ ಕಟ್ಟಿದ ಒಂದು ರಬ್ಬರ್ ರೆಕ್ಕೆಯಿಂದ ಇನ್ನೊಂದನ್ನು ತುಳಿದು ದೊಪ್ಪನೆ ಕುಳಿತರು. ಬಾವಿಯ ಸುತ್ತ ನಗೆಯೋ ನಗೆ. ಅವರೂ ನಕ್ಕರು.

ಶಮೀಮಾಬಿ ನಗಲಿಲ್ಲ. "ಮೂರು ತಪ್ಪಾದ್ವು. ನಾಲ್ಕನೇದ್ದು ಎಲ್ಲೈತಿ ಅಂತ ನೋಡೂಣು. ಬಾಯಾಗ ನಳಿಗಿ ಇಟ್ಟು ಉಸಿರಾಡ್ರಿ."

ಅವರು ಉಸಿರೆಳೆದರು. ಶಮೀಮಾಬಿ ಗಾಳಿಯ ಮೀಟರು ಹಿಡಿದು ನೋಡಿದರು. ಪ್ರತಿ ಉಸಿರಿಗೂ ಮುಳ್ಳು ಗಕ್ಕನೆ ಕೆಳಗಿಳಿದು ಮತ್ತೆ ಏರುತ್ತಿತ್ತು.

ಗುಲಾಮಹುಸೇನರ ನಗು ನಿಂತಿತು. ಬೆನ್ನ ಮೇಲಿನ ಗಾಳಿಯ ಸಿಲಿಂಡರಿನ ತಿರುಪನ್ನು ಅವರು ತುಸುವೇ ತೆರೆದಿದ್ದರು.

"ಮ್ಯಾಲೆ ಇದ್ದಾಗ ಇಷ್ಟು ಗಾಳಿ ಸಾಲತೈತಿ," ಎಂದರು ಮೆಲ್ಲಗೆ. "ಕೆಳಗ ಹೋದ್ರ ಉಸಿರೇ ಸಿಗತಿದ್ದಿಲ್ಲ."



"ಶಮೀಮಾ, ಎಲ್ಲಾ ಮೊದಲಿಂದ ನೋಡು," ಎಂದು ಅವರು ದರ್ಜಿಗೆ ಅಳತೆ ಕೊಡುವವರಂತೆ ಕೈ ಅಗಲಿಸಿ ನಿಂತರು. ಆಕೆ ತಿರುಪು ಪೂರ್ತಿ ತೆರೆಸಿದರು, ಪಟ್ಟಾ ಜಗ್ಗಿ ನೋಡಿದರು, ಸೊಂಟಕ್ಕೆ ಹಗ್ಗ ಕಟ್ಟಿ ಬಸವಣ್ಣೆಪ್ಪನ ಕೈಗೆ ಕೊಟ್ಟರು.

ಈ ಸಲ ಗುಲಾಮಹುಸೇನರು ಮುಳುಗಿದರು. ಗುಳ್ಳೆಗಳು ಮಾತ್ರ ಕಾಣುತ್ತಿದ್ದವು. ಬಸವಣ್ಣೆಪ್ಪ ಹತ್ತು ನಿಮಿಷ ಹಗ್ಗ ಹಿಡಿದೇ ನಿಂತ. ಆಮೇಲೆ ಹಗ್ಗ ಎರಡು ಸಲ ಜಗ್ಗಿತು. ಮೇಲೆ ಬಂದವರ ಕೈಯಲ್ಲಿ ಪಟ್ಟೆಪಟ್ಟೆಯ ಒಂದು ಟವೆಲ್ಲು.

"ಅಯ್ಯ, ಇದು ಬಸವಣ್ಣೆಪ್ಪಂದ ಐತಲ್ಲಾ!" ಎಂದಳು ಮಲ್ಲಕ್ಕ. ಈಗ ತಲೆ ತಗ್ಗಿಸುವ ಸರದಿ ಅವನದು.

ಪಂಪು ಗುರ್ ಎಂದಿತು, ಕೆಮ್ಮಿತು, ನೀರು ಭರ್ ಎಂದು ಸುರಿಯಿತು. ಮಲ್ಲಕ್ಕ ಮೊದಲ ಕೊಡ ತುಂಬಿ ಶಮೀಮಾಬಿಯ ಸೊಂಟಕ್ಕೇ ಏರಿಸಿದಳು.

ಓದುವ ಅಣ್ಣಂದಿರೇ, ಅಕ್ಕಂದಿರೇ, ನೀವು ಗಾಳಿಯ ಸಿಲಿಂಡರು ಹೊತ್ತು ಬಾವಿಗೆ ಇಳಿಯಲಿಕ್ಕಿಲ್ಲ. ಆದರೆ ಔಷಧ ಹೊಡೆಯುವ ಪಂಪು ಬೆನ್ನಿಗೇರಿಸುತ್ತೀರಿ, ಕಾಳಿನ ರಾಶಿ ಮಾಡುವ ಯಂತ್ರ ನಡೆಸುತ್ತೀರಿ, ಮೋಟರಿನ ಸ್ವಿಚ್ಚು ಒತ್ತುತ್ತೀರಿ. ಅವಸರದಲ್ಲಿ ತಪ್ಪುವುದು ಕೈ ಪಳಗಿದವರೇ. ನಾಳೆ ಕೆಲಸಕ್ಕೆ ಕೈ ಹಾಕುವ ಮುಂಚೆ ಮನೆಯವರನ್ನೋ ಬಾಜು ಮನೆಯವರನ್ನೋ ಕರೆದು, "ಸ್ವಲ್ಪ ನೋಡ್ರಿ, ಏನರ ಮರತೀನೇನು?" ಎಂದು ಕೇಳಿರಿ. ಅವರು ನಕ್ಕರೆ ನಗಲಿ. ನೀವು ಸಂಜೆಗೆ ಮನೆಗೆ ಬನ್ನಿ.