ಕಾಲುವೆ ತಲೆಯ ಹೊಲ

ಊರ ಕೆಳಗಿನ ಬಯಲಿನಲ್ಲಿ ಗೋದಾಮುಗಳು ಏಳುತ್ತವಂತೆ ಎಂಬ ಸುದ್ದಿ ದರ್ಜಿ ಅಕ್ಕನ ಕಿವಿಗೆ ಬಿದ್ದದ್ದು ಮೇಷ್ಟ್ರ ಪ್ಯಾಂಟಿಗೆ ಅಳತೆ ತೆಗೆಯುವಾಗ. ಟೇಪು ಸೊಂಟ ಸುತ್ತಿದ ಕೂಡಲೇ ಮೇಷ್ಟ್ರು ಹೊಟ್ಟೆಯನ್ನು ಒಳಗೆಳೆದುಕೊಂಡು, ಉಸಿರು ಬಿಗಿಹಿಡಿದೇ ವಿಷಯ ಹೇಳತೊಡಗಿದರು.

“ಮೊದ್ಲು ಉಸಿರು ಬಿಡಿ ಮೇಷ್ಟ್ರೇ. ಹೀಗೆ ಅಳತೆ ಕೊಟ್ರೆ ಊಟ ಆದ್ಮೇಲೆ ಗುಂಡಿ ಹಾಕೋಕಾಗಲ್ಲ.”

ಮೇಷ್ಟ್ರು ಉಸಿರು ಬಿಟ್ಟರು. ಟೇಪು ನಾಲ್ಕು ಬೆರಳು ಉದ್ದವಾಯಿತು. “ಕಚೇರಿ ಗೋಡೆ ಮೇಲೆ ನೋಟೀಸು ಅಂಟಿಸಿದಾರಕ್ಕ. ಬಯಲೆಲ್ಲ ಬೀಳು ಬಿದ್ದಿದೆ, ಯಾರೂ ಉಳ್ತಿಲ್ಲ, ಅದಕ್ಕೇ ಕಟ್ಟಡಕ್ಕೆ ಕೊಡಬಹುದು ಅಂತ. ಮುಂದಿನ ತಿಂಗಳು ಅಧಿಕಾರಿಗಳು ಬಂದು ನೋಡ್ತಾರಂತೆ. ಬೆಳೆ ಇರೋ ನೆಲ ಅಂತಾದ್ರೆ ಮುಟ್ಟೋ ಹಾಗಿಲ್ಲ. ಆದ್ರೆ ಬೆಳೆ ಎಲ್ಲಿದೆ?”

ಮೂಲೆಯಲ್ಲಿ ಗುಂಡಿ ಹೊಲಿಯುತ್ತ ಕೂತಿದ್ದ ಅತ್ತೆ ತಲೆ ಎತ್ತಿದಳು. ಅವಳ ಕಿವಿ ಮಂದ. “ಬಾದಾಮಿ ಬೆಳೀತಾರಾ? ನಮ್ಮ ಮಣ್ಣಲ್ಲಿ ಬಾದಾಮಿ ಎಲ್ಲಿ ಬರುತ್ತೆ?”

“ಬಾದಾಮಿ ಅಲ್ಲ ಅತ್ತೆ, ಗೋದಾಮು. ನಮ್ಮ ತುಂಡೂ ಹೋಗುತ್ತೆ.”

ಅದು ಸರಿಯಾಗಿ ಕೇಳಿಸಿತು. ಅತ್ತೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಬಯಲಿನ ತೀರಾ ಕೆಳಗಿನ ಆ ತುಂಡು ನೆಲದಲ್ಲಿ ಅವಳು ಮದುವೆಯಾಗಿ ಬಂದ ವರ್ಷದಿಂದ ಸೊಂಟ ಬಗ್ಗುವವರೆಗೂ ಗೇಯ್ದಿದ್ದಳು. ಮಗ ತೀರಿಕೊಂಡ ಮೇಲೆ ಅತ್ತೆ ಸೊಸೆ ಇಬ್ಬರೇ ಉಳಿದಾಗ, ಬಂದವರಿಗೆಲ್ಲ “ಇವಳು ನನ್ನ ಮಗಳು” ಎಂದೇ ಹೇಳಿಕೊಂಡು ಬಂದಿದ್ದಳು. ಹೊಸಬರು ಹಾಗೆಂದೇ ನಂಬಿದ್ದರು.

ಬಯಲು ಬೀಳು ಬಿದ್ದದ್ದಕ್ಕೆ ಒಂದು ಕಾರಣವಿತ್ತು. ಕೆರೆಯಿಂದ ಇಳಿದುಬರುವ ಕಾಲುವೆ ಮೊದಲು ಹೊಗುವುದು ಸಿಡುಕಪ್ಪನ ಹೊಲವನ್ನು. ಅಲ್ಲಿಂದ ಕವಲೊಡೆದು ಉಳಿದವರ ಹೊಲಗಳಿಗೆ ಹರಿಯುತ್ತದೆ. ಸಿಡುಕಪ್ಪ ಎಂಬುದು ಊರಿಟ್ಟ ಹೆಸರು. ಮದುವೆ ಮಾಡಿಕೊಳ್ಳದ, ಯಾರೊಂದಿಗೂ ಹೆಚ್ಚು ಮಾತಾಡದ, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಮನುಷ್ಯ. ಆದರೆ ಕಾಲುವೆಯನ್ನು ಕನ್ನಡಿಯ ಹಾಗೆ ಇಟ್ಟುಕೊಂಡಿದ್ದ. ಎರಡು ವರ್ಷದ ಕೆಳಗೆ ಹುಲ್ಲಿನ ಮನೆಯ ಮಾಡಿನಿಂದ ಜಾರಿ ಬಿದ್ದು ಅವನ ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಿಂದ ಕೋಲು ಹಿಡಿದು ಬಂದವನು ಗೇಟು ಹಾಕಿಕೊಂಡ. ಕಾಲುವೆಯಲ್ಲಿ ಹೂಳು ತುಂಬಿತು, ಅದರ ಮೇಲೆ ಜೊಂಡು ಬೆಳೆಯಿತು. ಕೆಳಗಿನವರು ಸ್ವಲ್ಪ ದಿನ ಗೊಣಗಿದರು, ಆಮೇಲೆ ಒಬ್ಬೊಬ್ಬರಾಗಿ ಪೇಟೆಯ ಕೆಲಸಕ್ಕೆ ಬಸ್ಸು ಹತ್ತಿದರು.

ಆ ವಾರ ಶಾಲೆಯ ಕೋಣೆಯಲ್ಲಿ ಊರವರು ಸೇರಿದರು. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತು, ಎಲ್ಲರೂ ಒಂದೇ ಮಾತಿಗೆ ಬಂದರು. ಹೂಳು ತೆಗೆದು ನೀರು ಬಿಟ್ಟರೆ ಬಿತ್ತಬಹುದು, ಬಿತ್ತಿದರೆ ಅಧಿಕಾರಿಗಳು ಬರುವಷ್ಟರಲ್ಲಿ ಬಯಲು ಹಸಿರಾಗಬಹುದು. ಆದರೆ ಹೂಳು ಇರುವುದು ಸಿಡುಕಪ್ಪನ ಬೇಲಿಯೊಳಗೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಕೊನೆಗೆ ಮೇಷ್ಟ್ರನ್ನು ಮುಂದೆ ಬಿಟ್ಟುಕೊಂಡು ಏಳೆಂಟು ಜನ ಹೋದರು. ಗೇಟಿನಾಚೆ ನಿಂತ ಅವರ ಮಾತನ್ನು ಸಿಡುಕಪ್ಪ ಜಗಲಿಯ ಕುರ್ಚಿಯಿಂದಲೇ ಕೇಳಿಸಿಕೊಂಡ.

“ಹೊಲ ನಂದು, ಹೂಳೂ ನಂದು. ಹೋಗಿಬನ್ನಿ,” ಎಂದು ಮುಖ ತಿರುಗಿಸಿದ.

ಸಂಜೆ ಅತ್ತೆ ಹೇಳಿದಳು: “ಅವನದೊಂದು ಅಂಗಿ ನಮ್ಮಲ್ಲೇ ಬಿದ್ದಿದೆಯಲ್ಲೇ. ಬೀಳೋಕೆ ಮುಂಚೆ ತೋಳು ಹೊಲಿಯೋಕೆ ಕೊಟ್ಟಿದ್ನಲ್ಲ. ಅದನ್ನ ಕೊಟ್ಟು ಬಾ.”

ದರ್ಜಿ ಅಕ್ಕನಿಗೆ ನಾಚಿಕೆಯಾಯಿತು. ಆ ಅಂಗಿ ಕಪಾಟಿನ ತಳದಲ್ಲಿ ಮಡಿಚಿಟ್ಟಲ್ಲೇ ಇತ್ತು. ಅವನು ಬಂದು ತೆಗೆದುಕೊಂಡು ಹೋಗಲಿ ಎಂದು ಅವಳು ಕಾದಿದ್ದಳು, ಅವನು ಅಷ್ಟು ದೂರ ನಡೆಯಲಾರ ಎಂಬುದು ಗೊತ್ತಿದ್ದೂ.

ಮರುದಿನ ಅವಳು ಹೋದಾಗ ಗೇಟಿಗೆ ಅಗಳಿ ಹಾಕಿರಲಿಲ್ಲ. ಸಿಡುಕಪ್ಪ ಜಗಲಿಯ ಕುರ್ಚಿಯಲ್ಲಿ ಕೂತಿದ್ದ. ಗಡ್ಡ ಬೆಳೆದಿತ್ತು, ಆದರೆ ಜಗಲಿ ಗುಡಿಸಿತ್ತು. ಅವಳು ಅಂಗಿ ಕೊಟ್ಟಳು. ಅವನು ಬಿಚ್ಚಿ ನೋಡಿ, ಹೊಲಿದ ತೋಳಿನ ಮೇಲೆ ಹೆಬ್ಬೆರಳು ಓಡಿಸಿದ.

“ನೀವೂ ಹೊಲದ ವಿಷ್ಯಕ್ಕೇ ಬಂದಿದ್ದಾ, ದರ್ಜಿಯಮ್ಮ?”

ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ. “ಹೌದು. ಅಂಗೀದೂ ಇತ್ತು.”

“ಗೋದಾಮಿನ ಕಡೆಯವನೊಬ್ಬ ಬಂದಿದ್ದ,” ಎಂದ ಅವನು. ದನಿಯಲ್ಲಿ ಸಿಡುಕೇನೂ ಇರಲಿಲ್ಲ. “ಇದೇ ಕಟ್ಟೆ ಮೇಲೆ ಕೂತು ಟೀ ಕುಡಿದ. ಸೊಂಟ ಹೇಗಿದೆ ಅಂತ ಕೇಳಿದ. ಅವನಿಗೆ ನನ್ನ ಹೊಲ ಬೇಕು, ಅದಕ್ಕೇ ಕೇಳಿದ್ದು, ಅಷ್ಟು ತಿಳಿಯಲ್ವಾ ನಂಗೆ? ಆದ್ರೂ ಕೇಳಿದ. ಎರಡು ವರ್ಷದಲ್ಲಿ ನಿಮ್ಮಲ್ಲಿ ಯಾರು ಕೇಳಿದ್ರಿ ಹೇಳಿ.”

ದರ್ಜಿ ಅಕ್ಕ ಕಟ್ಟೆಯ ಮೇಲೆ ಕೂತಳು. ಎದುರಿಗೆ ಬಯಲು ಇಳಿದುಹೋಗಿತ್ತು, ಕಳೆ ಎದೆಯುದ್ದ ನಿಂತಿತ್ತು.

“ಟೀ ಕುಡೀತೀರಾ?” ಎಂದು ಕೊನೆಗೆ ಅವನೇ ಕೇಳಿದ.

ಮಾರನೆಯ ದಿನ ಅವಳು ಕೈಯಲ್ಲಿ ತಿರುಗಿಸುವ ಹಳೆಯ ಮೆಷಿನ್ನನ್ನು ಸೊಂಟಕ್ಕೇರಿಸಿಕೊಂಡು ಹೋದಳು. “ಮನೇಲಿ ಬೆಳಕು ಸಾಲದು. ನಿಮ್ಮ ಜಗಲೀಲಿ ಚೆನ್ನಾಗಿದೆ,” ಎಂದಳು. ಅವನು ಅವಳನ್ನೂ ಮೆಷಿನ್ನನ್ನೂ ನೋಡಿ, ಕುರ್ಚಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿಕೊಂಡ.

ದರ್ಜಿ ಎಲ್ಲಿಯೋ ಗಿರಾಕಿ ಅಲ್ಲಿ. ಅಂಚು ಬಿಚ್ಚಿದ ಪ್ಯಾಂಟು, ಗಿಡ್ಡವಾದ ಲಂಗ, ಹರಿದ ಚೀಲ ಹಿಡಿದುಕೊಂಡು ಜನ ಒಬ್ಬೊಬ್ಬರಾಗಿ ಸಿಡುಕಪ್ಪನ ಗೇಟು ದಾಟತೊಡಗಿದರು. ಮೊದಮೊದಲು ಅವನಿಗೆ ಬೆನ್ನು ತಿರುಗಿಸಿಯೇ ನಿಲ್ಲುತ್ತಿದ್ದರು. ಆದರೆ ಹೊಲಿಗೆ ಮುಗಿಯುವವರೆಗೆ ಎಷ್ಟು ಹೊತ್ತು ಗೋಡೆ ನೋಡುವುದು? “ಸೊಂಟ ಹೇಗಿದೆ?” ಎಂದು ಯಾರೋ ಕೇಳಿದರು. ಕ್ಷೌರದವನು ತನ್ನ ಪೆಟ್ಟಿಗೆಯನ್ನೇ ತಂದು, ಕೇಳದೆಯೇ ಅವನ ಗಡ್ಡ ಹೆರೆದ. ಗಡ್ಡದ ಕೆಳಗೆ ಮುಖ ಅಷ್ಟೇನೂ ಸಿಡುಕಾಗಿ ಇರಲಿಲ್ಲ ಎಂದು ದರ್ಜಿ ಅಕ್ಕ ಕಂಡುಕೊಂಡಳು. ಸೂಜಿಯಿಂದ ಬೆರಳು ಚುಚ್ಚಿಕೊಂಡಳು ಕೂಡ.

ಅತ್ತೆಯೂ ಒಂದು ದಿನ ಬಂದಳು, ಆಮೇಲೆ ದಿನವೂ ಬಂದಳು. ಅವಳಿಗೂ ಸಿಡುಕಪ್ಪನಿಗೂ ಎಣ್ಣೆ ಸೀಗೆಕಾಯಿ. ಅವನು ಗೊತ್ತಾಯಿತು ಎಂದರೆ ಅವಳು ಹೊತ್ತಾಯಿತು ಎಂದು ಕೇಳಿಸಿಕೊಂಡು ಏಳುವಳು. ಅವನು ಕೂಗಿ ಹೇಳಿದರೆ, “ಕಿವುಡಿ ಅಂದ್ಕೊಂಡ್ಯಾ ನನ್ನ?” ಎಂದು ರೇಗುವಳು. ಹೊಲಿಗೆ ಮೆಷಿನ್ನಿನ ಕಟಕಟದ ನಡುವೆ ಈ ಜಗಳ ಕೇಳುವುದಕ್ಕೇ ಕೆಲವರು ಹರಿಯದ ಬಟ್ಟೆಯನ್ನೂ ತಂದರು.

ಹೊಲದ ಮಾತನ್ನು ದರ್ಜಿ ಅಕ್ಕ ಎತ್ತಲಿಲ್ಲ. ದಿನ ಸರಿಯುತ್ತಿತ್ತು. ದಾರಿಯಲ್ಲಿ ಸಿಕ್ಕಾಗ ಮೇಷ್ಟ್ರು ಹುಬ್ಬಿನಲ್ಲೇ ಕೇಳುತ್ತಿದ್ದರು, ಅವಳು ತಲೆಯಾಡಿಸಿ ಮುಂದೆ ಹೋಗುತ್ತಿದ್ದಳು. ಒಬ್ಬ ಮನುಷ್ಯನ ಒಂಟಿತನವನ್ನು ಕೀಲಿಕೈ ಮಾಡಿಕೊಂಡು ಅವನ ಗೇಟು ತೆರೆದೆನೇ ಎಂದು ಅವಳಿಗೆ ಒಳಗೊಳಗೇ ಮುಜುಗರ. ಬಯಲು ಉಳಿಯಬೇಕು ಎಂಬುದೂ ನಿಜ, ಬೆಳಗಾದರೆ ಆ ಜಗಲಿಗೆ ಹೋಗಲು ಕಾಲು ತಾನಾಗಿ ಎಳೆಯುವುದೂ ನಿಜ. ಎರಡನ್ನೂ ಬಿಡಿಸಿ ಬೇರೆ ಬೇರೆ ಇಡಲು ಅವಳಿಗೆ ಆಗಲಿಲ್ಲ.

ಒಂದು ಬೆಳಿಗ್ಗೆ ಬಸ್ಸು ಡ್ರೈವರು ಕೋಟಿನ ಗುಂಡಿಗಾಗಿ ಕಾಯುತ್ತ, ಸುಮ್ಮನಿರಲಾರದೆ, ಕೋಲಿನಿಂದ ಕಾಲುವೆಯ ಜೊಂಡನ್ನು ಕೆದಕುತ್ತಿದ್ದ. ಸಿಡುಕಪ್ಪ ನೋಡಿ ನೋಡಿ ತಡೆಯಲಾರದೆ ಕೂಗಿದ.

“ಅದೇನಯ್ಯ, ಹಲ್ಲು ಚುಚ್ಚಿದ ಹಾಗೆ. ಜೊಂಡನ್ನ ಬೇರು ಸಮೇತ ಕೀಳ್ಬೇಕು. ಕೆಳಗಿನ ತುದಿಯಿಂದ ಶುರು ಮಾಡಿ ಮೇಲಕ್ಕೆ ಬರ್ಬೇಕು. ಹಿಂಗಾದ್ರೆ ಯಾವ ಕಾಲಕ್ಕೆ ನೀರು ಬರುತ್ತೆ?”

ಮೆಷಿನ್ನಿನ ಸದ್ದು ನಿಂತಿತು. ಡ್ರೈವರು ದರ್ಜಿ ಅಕ್ಕನ ಮುಖ ನೋಡಿದ, ಅವಳು ಸಿಡುಕಪ್ಪನ ಮುಖ ನೋಡಿದಳು.

“ಗುದ್ದಲಿ ಹಿತ್ತಲಲ್ಲಿದೆ,” ಎಂದ ಸಿಡುಕಪ್ಪ, ಬೇರೆ ಕಡೆ ನೋಡುತ್ತ. “ಊರಿಗೆಲ್ಲ ಸಾಲದು. ಅವರವರದು ತರೋಕೆ ಹೇಳು.”

ಮರುದಿನ ಊರಿಗೆ ಊರೇ ಬಂತು. ಹಾರೆ, ಗುದ್ದಲಿ, ಪುಟ್ಟಿ, ಏನೂ ಸಿಗದವರು ಅಡುಗೆಮನೆಯ ಬೋಗುಣಿ ತಂದರು. ವರ್ಷಗಟ್ಟಲೆ ಬಗ್ಗದ ಬೆನ್ನುಗಳು ಬಗ್ಗಿದವು, ಕೆಲವು ಅಲ್ಲೇ ಹಿಡಿದುಕೊಂಡವು. ಸಿಡುಕಪ್ಪನ ಕುರ್ಚಿಯನ್ನು ಬದುವಿನ ಮೇಲೆ ಇಟ್ಟರು. ಅವನು ಅಲ್ಲಿಂದಲೇ ಬೈದ, ಎಲ್ಲರನ್ನೂ ಬೈದ, ಮೇಷ್ಟ್ರನ್ನಂತೂ ಸಲಿಕೆ ಹಿಡಿಯುವ ರೀತಿಗೆ ಬೈದ. ಮೇಷ್ಟ್ರು ಒಳ್ಳೆಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿ, ಸರಿಯಾಗಿಯೇ ಹಿಡಿಯುವುದನ್ನು ಕಲಿತರು. ಕಾಲುವೆ ಬಿಡಿಸುವವರು ಒಂದು ಕಡೆ, ಕಳೆ ಕೊಯ್ದು ಟ್ರ್ಯಾಕ್ಟರು ಓಡಿಸುವವರು ಇನ್ನೊಂದು ಕಡೆ. ಕೆಲವೇ ದಿನಗಳಲ್ಲಿ ಕೆರೆಯ ತೂಬು ಎತ್ತಿದರು.

ನೀರು ಮೊದಲು ಕೆಸರು ಬಣ್ಣದಲ್ಲಿ, ಕಸಕಡ್ಡಿ ತಳ್ಳಿಕೊಂಡು, ದಾರಿ ಮರೆತವರಂತೆ ಅಲ್ಲಲ್ಲಿ ನಿಂತು ನಿಂತು ಬಂತು. ತೀರಾ ಕೆಳಗಿನ ತುಂಡಿಗೆ ಅದು ಮುಟ್ಟುವ ಹೊತ್ತಿಗೆ ಸಂಜೆಯಾಗಿತ್ತು. ಅತ್ತೆ ಬಟ್ಟೆ ಮೇಲೆತ್ತಿ ಕಾಲುವೆಗೇ ಇಳಿದು ನಿಂತಳು. ಜಾರಿಯಾಳು ಎಂದು ಸೊಸೆ ಅವಳ ರಟ್ಟೆ ಹಿಡಿದುಕೊಂಡಳು. “ತಣ್ಣಗಿದೆ ಕಣೇ,” ಎಂದಳು ಅತ್ತೆ. ಮುಖ ಒರೆಸಿಕೊಂಡದ್ದು ನೀರು ಚಿಮ್ಮಿದ್ದಕ್ಕಲ್ಲ ಎಂದು ಸೊಸೆಗೆ ತಿಳಿಯಿತು.

ಅಲಸಂದೆ ಬಿತ್ತೋಣ, ಬೇಗ ಮೊಳೆಯುತ್ತದೆ ಎಂದ ಸಿಡುಕಪ್ಪ. ಕೈಗೆ ರೂಢಿ ತಪ್ಪಿದವರ ಬಿತ್ತನೆ ಅದು. ಕ್ಷೌರದವನ ಸಾಲು ಬೈತಲೆ ತೆಗೆದಷ್ಟು ನೆಟ್ಟಗೆ ಬಂತು. ಡ್ರೈವರನ ಸಾಲು ಅವನ ಬಸ್ಸಿನಂತೆಯೇ ಸಿಕ್ಕಸಿಕ್ಕಲ್ಲಿ ತಿರುಗಿ, ಪಕ್ಕದವರ ಹೊಲದಲ್ಲಿ ನಿಂತಿತು. ಮೊಳಕೆ ಮಾತ್ರ ಯಾರ ಸಾಲೆಂದು ನೋಡದೆ ಎದ್ದಿತು.

ಅಧಿಕಾರಿ ಬಂದಾಗ ಗಿಡ ಮೊಣಕಾಲಿಗಿಂತ ತುಸು ಕೆಳಗಿತ್ತು. ಮಾತು ಕಡಿಮೆಯ ಹೆಂಗಸು, ಶೂಗೆ ಕೆಸರು ಮೆತ್ತಿದ್ದನ್ನು ಲೆಕ್ಕಿಸದೆ ಬಯಲನ್ನು ಪೂರ್ತಿ ಸುತ್ತಿದಳು. ಸಿಡುಕಪ್ಪನ ಕುರ್ಚಿಯ ಮುಂದೆ ನಿಂತು ಕೇಳಿದಳು: “ಇಲ್ಲಿ ಎರಡು ವರ್ಷದಿಂದ ಏನೂ ಬೆಳೆದಿಲ್ಲ ಅಂತ ಬರೆದಿದೆಯಲ್ಲ. ಸುಳ್ಳಾ?”

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಸಿಡುಕಪ್ಪ ಅವರನ್ನು ಕೈಯೆತ್ತಿ ತಡೆದ.

“ಸುಳ್ಳಲ್ಲಮ್ಮ. ಹೊಲ ಬಿದ್ದಿತ್ತು. ನಾನೂ ಬಿದ್ದಿದ್ದೆ. ಈಗ ಇಬ್ರೂ ಎದ್ದಿದೀವಿ.”

“ನಾನು ಬರ್ತೀನಿ ಅಂತ ತೋರಿಸೋಕೆ ಬಿತ್ತಿದ್ದಾ?”

ಅತ್ತೆಗೆ ಆ ಮಾತು ಅದು ಹೇಗೋ ಸ್ಪಷ್ಟವಾಗಿ ಕೇಳಿಸಿಬಿಟ್ಟಿತು. “ತೋರಿಸೋಕೇ ಬಿತ್ತಿದ್ದು ಅಂತಿಟ್ಕೋ ತಾಯಿ. ಗಿಡಕ್ಕೆ ಅದು ಗೊತ್ತಾಗುತ್ತಾ? ಅದರ ಪಾಡಿಗೆ ಅದು ಕಾಯಿ ಬಿಡುತ್ತೆ.”

ಅಧಿಕಾರಿಯ ತುಟಿ ನಗೆಯ ಹತ್ತಿರಕ್ಕೆ ಹೋಗಿ ಹಿಂದೆ ಬಂತು. ಬಗ್ಗಿ ಒಂದು ಎಲೆಯನ್ನು ಮುಟ್ಟಿ ನೋಡಿ, ಜೀಪು ಹತ್ತಿದಳು.

ತೀರ್ಪು ಬರಲು ವಾರಗಳು ಹಿಡಿದವು. ರಸ್ತೆಗೆ ತಾಗಿದ ಪಟ್ಟಿ ಹೋಯಿತು. ಅದರ ಒಡೆಯರು ಮೊದಲೇ ಮಾರಿಕೊಂಡಿದ್ದರು, ಅಲ್ಲಿ ಈಗಾಗಲೇ ಕಬ್ಬಿಣದ ಕಂಬ ನೆಡುತ್ತಿದ್ದಾರೆ. ಕಾಲುವೆ ನೀರು ಉಣ್ಣುವ ಬಯಲು ಸಾಗುವಳಿಯ ನೆಲವಾಗಿಯೇ ಉಳಿಯಿತು. ಬಿತ್ತುವವರು ಇರುವವರೆಗೆ ಅದನ್ನು ಬೇರೆ ಕೆಲಸಕ್ಕೆ ಕೊಡುವಂತಿಲ್ಲ ಎಂದಾಯಿತು. ಪೂರ್ತಿ ಗೆದ್ದೆವೆಂದು ಯಾರೂ ಕುಣಿಯಲಿಲ್ಲ. ಕಾಲುವೆಯ ಕೆಲಸಕ್ಕೆ ಮನೆಗೊಬ್ಬರಂತೆ ಪಾಳಿ ಮಾಡಿಕೊಂಡರು.

ತೀರ್ಪು ತಿಳಿದ ಮರುದಿನ ದರ್ಜಿ ಅಕ್ಕ ಮೆಷಿನ್ನಿಗೆ ಕೈ ಹಾಕಿ ನಿಂತುಬಿಟ್ಟಳು. ಇನ್ನು ಯಾವ ನೆಪ? ಹೊಲಿಯಲು ಬಟ್ಟೆಯೂ ಇರಲಿಲ್ಲ, ಎಲ್ಲರೂ ಕಳೆ ಕೀಳಲು ಹೋಗಿದ್ದರು. ಬರಿಗೈಯಲ್ಲೇ ನಡೆದಳು. ಸಿಡುಕಪ್ಪ ಕುರ್ಚಿಯಲ್ಲಿ ಇರಲಿಲ್ಲ. ಕೋಲೂರಿಕೊಂಡು ಗೇಟಿನವರೆಗೂ ಬಂದು ಸರಳು ಹಿಡಿದು ನಿಂತಿದ್ದ. ಏದುಸಿರು ಬಿಡುತ್ತಿದ್ದ.

“ಹೊಲ ಉಳೀತು. ಇನ್ನು ಬರಲ್ಲ ಅಂದ್ಕೊಂಡೆ,” ಎಂದ. “ನಾನೇ ನಿಮ್ಮಲ್ಲಿಗೆ ಬರೋಣ ಅಂತ ಹೊರಟೆ. ಇಲ್ಲೀವರೆಗೆ ಆಯ್ತು.”

“ಇಲ್ಲೀವರೆಗೆ ಬಂದಿದೀರಲ್ಲ. ಉಳಿದದ್ದು ನಾನು ಬಂದಿದೀನಿ,” ಎಂದಳು ದರ್ಜಿ ಅಕ್ಕ.

ಮುಂದಿನದು ತಾನಾಗಿ ಆಗುತ್ತಿತ್ತೋ ಏನೋ, ಇಬ್ಬರೂ ಮಾತಿಗೆ ಜಿಪುಣರು. ಕಾದು ಕಾದು ಬೇಸತ್ತ ಅತ್ತೆ, ಕಾಯಿ ಬಿಡಿಸುವ ದಿನ, ನಡು ಹೊಲದಲ್ಲಿ, ಊರವರ ಎದುರೇ ಸಿಡುಕಪ್ಪನನ್ನು ತಡೆದು ನಿಲ್ಲಿಸಿದಳು.

“ನೋಡಪ್ಪಾ, ನನ್ನ ಮಗಳನ್ನ ಕೊಡ್ತೀನಿ. ಆದ್ರೆ ನಾನೂ ಜೊತೆಗೆ ಬರ್ತೀನಿ. ಒಪ್ಪಿಗೆ ಇದ್ಯಾ?”

ದರ್ಜಿ ಅಕ್ಕ ಮಡಿಲ ತುಂಬ ಕಾಯಿ ಹಿಡಿದುಕೊಂಡು ನೆಲ ನೋಡಿದಳು. ಸಿಡುಕಪ್ಪ ಮೆಲ್ಲಗೆ ಏನೋ ಹೇಳಿದ. ಅತ್ತೆ ಕೈಯನ್ನು ಕಿವಿಗೆ ಹಿಡಿದಳು. ಅವನು ಅವಳ ಮುಖ ನೋಡಿ, ಊರವರನ್ನು ನೋಡಿ, ವಿಧಿಯಿಲ್ಲದೆ ಎದೆ ತುಂಬ ಉಸಿರು ಎಳೆದುಕೊಂಡು ಕೂಗಿದ.

“ಅವರನ್ನ ಕೇಳಿದ್ರಾ ಅಂದೆ.”

“ಕೇಳಿದಾರೆ,” ಎಂದಳು ದರ್ಜಿ ಅಕ್ಕ ನೆಲ ನೋಡುತ್ತಲೇ. “ನಾನು ಹೂಂ ಅಂದಿದೀನಿ.”

ಕ್ಷೌರದವನು ಕೆಮ್ಮಿದ. ಮೇಷ್ಟ್ರು ಇದ್ದಕ್ಕಿದ್ದಂತೆ ಬಹಳ ಶ್ರದ್ಧೆಯಿಂದ ಕಾಯಿ ಬಿಡಿಸತೊಡಗಿದರು. ಸಿಡುಕಪ್ಪ ಸಾಲಿನ ಕೊನೆಯವರೆಗೂ ನಡೆಯುತ್ತೇನೆಂದು ಹೊರಟ. ಗದ್ದಲ ಮಾಡದೆ ದರ್ಜಿ ಅಕ್ಕ ಅವನ ಎಡಗಡೆಗೆ ಬಂದಳು. ಅವನು ಕೋಲನ್ನು ಬಲಗೈಗೆ ಬದಲಾಯಿಸಿ ಅವಳ ಭುಜದ ಮೇಲೆ ಕೈಯಿಟ್ಟ. ಅಲಸಂದೆ ಬಳ್ಳಿ ಕಾಲಿಗೆ ತೊಡರದಂತೆ ಅವಳು ಮುಂದೆ ಮುಂದೆ ಸರಿಸುತ್ತ ಹೋದಳು. ಇಬ್ಬರೂ ಅರ್ಧ ದಾರಿಯಲ್ಲಿ ಒಮ್ಮೆ ನಿಂತು ದಣಿವಾರಿಸಿಕೊಂಡು, ಮತ್ತೆ ನಡೆದರು.