ಎರಡನೇ ಪುಟದಲ್ಲಿ ಕಾಣದ ಸಾಲು

ಬಂದರು ಕಚೇರಿಯ ಎರಡನೇ ಮಹಡಿಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕಚೇರಿಯ ವೆಬ್‌ಪುಟಗಳನ್ನೆಲ್ಲ ನೋಡಿಕೊಳ್ಳುವವಳು ಅವಳೊಬ್ಬಳೇ, ಹಾಗಾಗಿ ಪುಟದಮ್ಮ. ವಯಸ್ಸು ಮೂವತ್ತು ದಾಟಿಲ್ಲ, ಮದುವೆಯಾಗಿಲ್ಲ, ಆದರೂ ಅಮ್ಮ. ಪುಟ ತೆರೆಯದಿದ್ದರೆ ಬೈಗುಳ ಅವಳಿಗೆ, ತೆರೆದರೆ ಹೊಗಳಿಕೆ ಕಂಪ್ಯೂಟರಿಗೆ. ಆರು ವರ್ಷದಿಂದ ಹೀಗೇ ನಡೆದುಬಂದಿತ್ತು, ಅವಳೂ ತಲೆ ಕೆಡಿಸಿಕೊಂಡಿರಲಿಲ್ಲ.

ಆವತ್ತು ಆ ವರ್ಷದ ನೇಮಕಾತಿಗೆ ಅರ್ಜಿ ಹಾಕಲು ಕೊನೆಯ ದಿನ. ಸಂಜೆ ಐದಕ್ಕೆ ಪುಟ ಮುಚ್ಚಬೇಕು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವಳ ಚಿಕ್ಕಮ್ಮ ಮೆಟ್ಟಿಲು ಹತ್ತಿ ಸೀದಾ ಒಳಗೆ ಬಂದಳು. ಕಾಲಲ್ಲಿ ಉಕ್ಕಿನ ಮೂತಿಯ ಬೂಟು, ಕಂಕುಳಲ್ಲಿ ಹಳದಿ ಹೆಲ್ಮೆಟ್, ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ಕಾಗದ. ಊರಾಚೆಯ ಮರದ ಡಿಪೋದಲ್ಲಿ ಹದಿನಾರು ವರ್ಷದಿಂದ ಕ್ರೇನ್ ನಡೆಸುವ ಹೆಂಗಸು. ಇಬ್ಬರು ತಬ್ಬಿದರೂ ಸಿಗದ ದಿಮ್ಮಿಯನ್ನು ಮೊಟ್ಟೆ ಇಟ್ಟ ಹಾಗೆ ಲಾರಿಯ ಮೇಲೆ ಇಳಿಸುತ್ತಾಳೆ ಎಂದು ಅಲ್ಲಿಯ ಗಂಡಸರೇ ಹೇಳುತ್ತಾರೆ. ಬಾಯಲ್ಲಿ ಹಾಗೆ ಹೇಳಿ, ಮೂರು ತಿಂಗಳಿಗೊಮ್ಮೆ ಹೊಸ ಗುತ್ತಿಗೆ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಪುಟದಮ್ಮನಿಗೆ ಒಂಬತ್ತು ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು. ಅಲ್ಲಿಂದ ಮುಂದೆ ಸಾಕಿದವಳು, ಓದಿಸಿದವಳು, ಗದರಿಸಿದವಳು ಎಲ್ಲ ಇದೇ ಚಿಕ್ಕಮ್ಮ.

"ಏನೇ, ನಿನ್ನ ಪುಟಕ್ಕೆ ಕಣ್ಣು ಕಾಣಲ್ವಾ?" ಎಂದಳು ಚಿಕ್ಕಮ್ಮ, ಕುರ್ಚಿ ಎಳೆದುಕೊಳ್ಳುತ್ತ. "ಕ್ರೇನ್ ಚಾಲಕರ ಹುದ್ದೆ ಎಂಟು ಇದೆ ಅಂತ ಈ ಪ್ರಕಟಣೇಲಿ ಅಚ್ಚು ಹಾಕಿದಾರೆ. ಹೆಂಗಸರು ಹಾಕಬಾರ್ದು ಅಂತ ಎಲ್ಲೂ ಇಲ್ಲ, ಮೂರು ಸಲ ಓದಿದೀನಿ. ನಿನ್ನ ಪುಟದಲ್ಲಿ ನೋಡಿದ್ರೆ ಗುಮಾಸ್ತೆ ಇದೆ, ದಾದಿ ಇದೆ, ಕಸ ಗುಡಿಸೋದಿದೆ. ಕ್ರೇನ್ ಇಲ್ಲ."

"ಇರತ್ತೆ ಚಿಕ್ಕಮ್ಮ, ಸರಿಯಾಗಿ ನೋಡಿರಲ್ಲ ನೀನು."

"ಎಪ್ಪತ್ತಡಿ ಮೇಲಿಂದ ಕೊಕ್ಕೆಯ ತುದಿ ನೋಡೋಳು ನಾನು. ನಿನ್ನ ಪುಟ ಕಾಣದೇ ಇರತ್ತಾ? ತೆಗಿ ನೋಡೋಣ. ನಲವತ್ತೈದು ತುಂಬೋಕೆ ಇನ್ನು ಹತ್ತೊಂಬತ್ತು ದಿನ ಇದೆ. ಇವತ್ತು ಬಿಟ್ರೆ ಮುಂದಿನ ವರ್ಷ ನನ್ನ ವಯಸ್ಸೇ ಒಳಗೆ ಬಿಡಲ್ಲ."

ಪುಟದಮ್ಮ ಅರ್ಜಿಯ ಮೊದಲ ಪುಟ ತೆರೆದಳು. ಹೆಸರು, ವಯಸ್ಸು, ಫೋನ್ ಸಂಖ್ಯೆ, ಗಂಡೋ ಹೆಣ್ಣೋ, ಯಾವ ಯಂತ್ರದ ಪರವಾನಗಿ ಇದೆ. ಎಲ್ಲ ತುಂಬಿ "ಮುಂದೆ" ಒತ್ತಿದಳು. ಎರಡನೇ ಪುಟದಲ್ಲಿ ಆರು ಹುದ್ದೆಗಳಿದ್ದವು, ಕ್ರೇನ್ ಇರಲಿಲ್ಲ. ಹಿಂದಕ್ಕೆ ಹೋಗಿ ಹೆಣ್ಣು ಎಂಬುದನ್ನು ಗಂಡು ಮಾಡಿ ಮತ್ತೆ ಒತ್ತಿದಳು. ಒಂಬತ್ತು ಹುದ್ದೆಗಳು ಬಂದವು, ಅವುಗಳಲ್ಲಿ ಮೊದಲನೆಯದೇ ಕ್ರೇನ್.

ಪುಟವನ್ನು ನಡೆಸುವ ಕೋಡಿನ ಬರಹ ತೆಗೆಯಬೇಕಾದ ಅಗತ್ಯವೇ ಇರಲಿಲ್ಲ, ನೆನಪಾಗಿಬಿಟ್ಟಿತ್ತು. ಆದರೂ ತೆಗೆದಳು. ಎರಡನೇ ಪುಟ ತೆರೆದೊಡನೆ ಅರ್ಜಿದಾರರ ಬ್ರೌಸರಿನಲ್ಲೇ ಓಡುವ ಮೂರು ಸಾಲು. ಮೊದಲ ಪುಟದಿಂದ "ಹೆಣ್ಣು" ಎಂದು ಬಂದಿದ್ದರೆ ಕ್ರೇನ್, ಹಡಗನ್ನೆಳೆಯುವ ದೋಣಿ, ಲಂಗರು, ಈ ಮೂರು ಹುದ್ದೆಗಳನ್ನು ಪಟ್ಟಿಯಿಂದ ಮರೆಮಾಡು. ಕೆಳಗೆ ಬರೆದವರ ಗುರುತು. ಅವಳದೇ. ಕೆಲಸಕ್ಕೆ ಸೇರಿದ ಮೊದಲ ತಿಂಗಳು ನೇಮಕಾತಿಯ ಸಾಹೇಬರು ಬೆನ್ನ ಹಿಂದೆ ನಿಂತು, "ಬೇಡದ್ದನ್ನೆಲ್ಲ ಹೆಂಗಸರಿಗೆ ಯಾಕೆ ತೋರಿಸ್ಬೇಕು, ಪಟ್ಟಿ ಚಿಕ್ಕದಾದ್ರೆ ಅವರಿಗೇ ಅನುಕೂಲ" ಎಂದಿದ್ದರು. ಅವಳು ಹತ್ತು ನಿಮಿಷದಲ್ಲಿ ಬರೆದು ತೋರಿಸಿ, ಭೇಷ್ ಅನ್ನಿಸಿಕೊಂಡು, ಸಂಜೆ ಮನೆಗೆ ಹೋಗಿ ಚಿಕ್ಕಮ್ಮನ ಮುಂದೆ ಜಂಬ ಕೊಚ್ಚಿಕೊಂಡಿದ್ದಳು. ಈಗ ನಾಚಿಕೆಯಿಂದ ಅವಳ ಕಿವಿಯ ತುದಿ ಬಿಸಿಯಾಯಿತು.

"ಚಿಕ್ಕಮ್ಮ, ಒಂದು ಉಪಾಯ ಇದೆ," ಎಂದಳು ತಗ್ಗಿದ ದನಿಯಲ್ಲಿ. "ಮೊದಲ ಪುಟದಲ್ಲಿ ಗಂಡು ಅಂತ ಹಾಕಿಬಿಡು. ಆಮೇಲೆ ನಾನೇ ಸರಿಮಾಡ್ತೀನಿ."

ಚಿಕ್ಕಮ್ಮ ಹೆಲ್ಮೆಟನ್ನು ಮೇಜಿನ ಮೇಲೆ ಇಟ್ಟ ಸದ್ದಿಗೆ ಆಚೆ ಮೇಜಿನವರು ತಲೆಯೆತ್ತಿದರು. "ನಾನ್ಯಾಕೆ ಗಂಡಸಾಗ್ಲಿ? ಹದಿನಾರು ವರ್ಷ ಹೆಂಗಸಾಗೇ ಕ್ರೇನ್ ಹತ್ತಿದೀನಿ, ಹೆಂಗಸಾಗೇ ಇಳಿದಿದೀನಿ. ಕಳ್ಳದಾರೀಲಿ ಬಂದ ಅರ್ಜಿ ಅಂತ ನಾಳೆ ಎಸೆಯೋಕೆ ಅವರಿಗೆ ನಾನೇ ನೆಪ ಕೊಡ್ಲಾ? ಎಲ್ಲರಿಗೂ ಕಾಣೋ ಬಾಗಿಲಲ್ಲೇ ಬರ್ತೀನಿ. ಬಾಗಿಲು ತೆಗಿ."

ಮುಚ್ಚಿದವಳೂ ತಾನೇ ಎಂದು ಹೇಳುವ ಧೈರ್ಯ ಪುಟದಮ್ಮನಿಗೆ ಆಗ ಬರಲಿಲ್ಲ. ಚಿಕ್ಕಮ್ಮನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಸಾಹೇಬರ ಕೋಣೆಗೆ ಹೋದಳು.

ಸಾಹೇಬರು ಕೆಟ್ಟವರಲ್ಲ. ಯಾರ ಮೇಲೂ ದನಿ ಎತ್ತದವರು, ಯಾವ ಕಾಗದವನ್ನೂ ಹರಿಯದವರು, ಯಾವ ಫೈಲನ್ನೂ ಅಳಿಸಬಾರದು ಎಂದು ಆಜ್ಞೆ ಮಾಡಿದವರು. ಇಂಥವರ ಜೊತೆ ಜಗಳವಾಡುವುದೇ ಕಷ್ಟ. ಅವಳು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿ ನಕ್ಕರು.

"ಆರು ವರ್ಷದ ಅಂಕಿ ನನ್ನ ಹತ್ರ ಇದೆಯಮ್ಮ. ಕ್ರೇನ್ ಹುದ್ದೆಗೆ ಒಬ್ಬಳಾದ್ರೂ ಹೆಂಗಸು ಅರ್ಜಿ ಹಾಕಿದಾಳಾ? ಸೊನ್ನೆ. ಯಾರಿಗೂ ಬೇಡದ್ದಕ್ಕೆ ಕೊನೇ ದಿನ ಪುಟ ಯಾಕೆ ಕೆಡಿಸ್ತೀಯ?"

"ಕಾಣದೇ ಇದ್ರೆ ಹೇಗೆ ಹಾಕ್ತಾರೆ ಸಾರ್?"

"ಬೇಕು ಅನ್ನೋರು ಬಂದು ಕೇಳ್ತಿದ್ರು. ಯಾರೂ ಬರಲಿಲ್ಲವಲ್ಲ!"

ಅವಳು ವಾಪಸು ಬಂದಳು. ಮೇಜಿಗೆ ಬಂದು ಕೂತ ಮೇಲೆ ಸಿಟ್ಟು ಬಂತು. ಸಾಹೇಬರ ಮೇಲೆ ಅರ್ಧ, ತನ್ನ ಮೇಲೆ ಅರ್ಧ. ಸೊನ್ನೆಯಂತೆ! ಬಾಗಿಲಿಗೆ ಗೋಡೆ ಕಟ್ಟಿ, ಒಳಗೆ ಯಾರೂ ಬರಲಿಲ್ಲ ಎಂದು ಕೈ ತೊಳೆದುಕೊಳ್ಳುವ ಜಾಣತನ ನೋಡಿ.

ಆಗ ಅವಳಿಗೆ ತನ್ನ ಇನ್ನೊಂದು ಹಳೆಯ ದಡ್ಡತನ ನೆನಪಾಯಿತು. ಒಂದು ಪುಟದಲ್ಲಿ ತುಂಬಿದ್ದನ್ನು ಇನ್ನೊಂದು ಪುಟಕ್ಕೆ ದಾಟಿಸಲು ಎರಡು ದಾರಿ ಇವೆ. ಒಂದು, ಲಕೋಟೆಯಲ್ಲಿಟ್ಟು ಅಂಟಿಸಿದ ಹಾಗೆ ಒಳಗೊಳಗೇ ಕಳಿಸುವುದು. ಇನ್ನೊಂದು, ಅಂಚೆ ಕಾರ್ಡಿನ ಮೇಲೆ ಬರೆದ ಹಾಗೆ, ಬ್ರೌಸರಿನ ಮೇಲ್ಗಡೆ ಕಾಣುವ ವಿಳಾಸದ ಸಾಲಿಗೇ ಅಂಟಿಸಿ ಕಳಿಸುವುದು. ತಿಳಿದವರು ಹೆಸರು, ಫೋನ್ ಸಂಖ್ಯೆ ಇರುವ ಫಾರ್ಮನ್ನು ಎರಡನೇ ದಾರಿಯಲ್ಲಿ ಕಳಿಸುವುದಿಲ್ಲ, ಏಕೆಂದರೆ ದಾರಿಯುದ್ದಕ್ಕೂ ಯಾರು ಬೇಕಾದರೂ ಓದಬಹುದು. ಸಾಲದ್ದಕ್ಕೆ ಸರ್ವರ್ ತನ್ನನ್ನು ಕೇಳಿದ ಒಂದೊಂದು ವಿಳಾಸವನ್ನೂ ತಾರೀಖು ಸಮೇತ ಬರೆದಿಟ್ಟುಕೊಳ್ಳುತ್ತದೆ. ಇಪ್ಪತ್ತಮೂರರ ಪುಟದಮ್ಮನಿಗೆ ಇದೆಲ್ಲ ಎಲ್ಲಿ ಗೊತ್ತಿತ್ತು? ಕಾರ್ಡಿನ ದಾರಿ ಹಿಡಿದಿದ್ದಳು. ತಪ್ಪು ಗೊತ್ತಾದ ಮೇಲೆ ಮುಂದಿನ ವರ್ಷ ಸರಿಮಾಡೋಣ ಎನ್ನುತ್ತ ಐದು ವರ್ಷ ತಳ್ಳಿದ್ದಳು. ಸರ್ವರಿನ ಆ ದಿನಚರಿ, ಯಾವ ಫೈಲನ್ನೂ ಅಳಿಸದ ಸಾಹೇಬರ ಕೃಪೆಯಿಂದ, ಆರೂ ವರ್ಷದ್ದು ಹಾಗೇ ಬಿದ್ದಿತ್ತು.

ಅವಳು ಕಂಪ್ಯೂಟರನ್ನು ಹುಡುಕಲು ಹಚ್ಚಿದಳು. ಹೆಣ್ಣು, ಕ್ರೇನ್ ಪರವಾನಗಿ, ಎರಡನೇ ಪುಟ. ಸಾಲುಗಳು ಒಂದರ ಮೇಲೊಂದು ಬಂದು ಪರದೆ ತುಂಬಿದವು. ಒಂದೇ ಫೋನ್ ಸಂಖ್ಯೆಯವನ್ನು ಒಟ್ಟು ಮಾಡಿದರೆ ಮೂವತ್ತೆಂಟು ಹೆಂಗಸರು. ಹನ್ನೆರಡು ಜನ ಬೇರೆ ದಾರಿ ಕಾಣದೆ ಗುಮಾಸ್ತೆ ಹುದ್ದೆಗೆ ಹಾಕಿ ಹೋಗಿದ್ದರು. ಉಳಿದ ಇಪ್ಪತ್ತಾರು ಜನ ಅಲ್ಲೇ ನಿಂತಿದ್ದರು. ಒಬ್ಬಳು ಒಂದೇ ಮಧ್ಯಾಹ್ನ ಹನ್ನೊಂದು ಸಲ ಹಿಂದೆ ಹೋಗಿ ಮುಂದೆ ಬಂದಿದ್ದಳು, ಪಾಪ, ತಾನೇ ಏನೋ ತಪ್ಪು ಒತ್ತಿದೆನೆಂದುಕೊಂಡು. ಸಾಹೇಬರ ಸೊನ್ನೆಯೊಳಗೆ ಇಷ್ಟು ಜನ ಇದ್ದರು.

ಒಂದು ಫೋನ್ ಸಂಖ್ಯೆ ಮಾತ್ರ ಎಲ್ಲ ವರ್ಷವೂ ಇತ್ತು. ಪ್ರತಿ ವರ್ಷ, ಪುಟ ತೆರೆದ ಮೊದಲನೇ ದಿನ. ಒಟ್ಟು ಆರು ಸಲ. ಆ ಸಂಖ್ಯೆಯನ್ನು ಅವಳು ಬಾಯಿಪಾಠವಾಗಿ ಬಲ್ಲಳು. ಶಾಲೆಗೆ ಸೇರಿಸುವಾಗ, ಕಾಲೇಜಿಗೆ ಸೇರಿಸುವಾಗ, ಎಲ್ಲ ಅರ್ಜಿಗಳಲ್ಲೂ ಪೋಷಕರ ಸಂಖ್ಯೆ ಎಂದು ಬರೆದದ್ದು ಅದನ್ನೇ.

ಹೊರಗೆ ಓಡಿದಳು. ಚಿಕ್ಕಮ್ಮ ಬೆಂಚಿನ ಮೇಲೆ ಕೂತು ಬೂಟಿನ ಲಾಡಿ ಬಿಗಿಯುತ್ತಿದ್ದಳು.

"ಆರು ವರ್ಷದಿಂದ ಹಾಕ್ತಾ ಇದೀಯ. ನನಗೆ ಒಂದು ಮಾತು ಹೇಳ್ಬಾರ್ದಿತ್ತಾ?"

ಚಿಕ್ಕಮ್ಮ ತಲೆಯೆತ್ತಲಿಲ್ಲ. "ನೀನು ಮಾಡಿದ ಮೊದಲನೇ ಪುಟ ಅಲ್ವೇನೇ ಅದು. ಫೋನ್ ಹಿಡ್ಕೊಂಡು ಬೀದಿ ತುಂಬ ತೋರಿಸ್ತಾ ಓಡಾಡ್ದೆ. ಅದರಲ್ಲಿ ನಂಗೆ ಜಾಗ ಇಲ್ಲ ಅಂತ ಹೇಗೆ ಹೇಳ್ಲಿ? ಹೆಂಗಸರಿಗೆ ಇಲ್ಲ ಅಂತ ಕಾನೂನೇ ಇರಬೇಕು ಅನ್ಕೊಂಡೆ. ಈ ವರ್ಷ ಡಿಪೋದ ಗೋಡೆಗೆ ಪ್ರಕಟಣೆ ಅಂಟಿಸಿದ್ರು. ಓದಿದ್ರೆ ಕಾನೂನೇ ಇಲ್ಲ! ಆಗ ಮೈ ಉರೀತು ನೋಡು."

"ಆ ಸಾಲು ಬರೆದಿದ್ದು ನಾನೇ ಚಿಕ್ಕಮ್ಮ."

"ಗೊತ್ತು ಕಣೇ. ನಿನ್ನ ಪುಟ ಇನ್ಯಾರು ಬರೀತಾರೆ?" ಚಿಕ್ಕಮ್ಮ ಎದ್ದು ನಿಂತಳು. "ಅಳ್ತಾ ನಿಂತ್ರೆ ಐದು ಗಂಟೆ ಆಗೋಗತ್ತೆ. ಮೂಗು ಒರೆಸ್ಕೊಂಡು ಒಳಗೆ ಹೋಗು."

ಪುಟದಮ್ಮ ದಿನಚರಿಯ ಸಾಲುಗಳನ್ನು ಹೆಸರು, ಫೋನ್ ಸಂಖ್ಯೆ ಅಳಿಸಿ ಅಚ್ಚು ಹಾಕಿಸಿದಳು. ಏಳು ಹಾಳೆಯಾಯಿತು. ಆ ಕಟ್ಟನ್ನೂ, ಸಾಹೇಬರದೇ ಸಹಿಯಿದ್ದ ಪ್ರಕಟಣೆಯನ್ನೂ ಅವರ ಮುಂದೆ ಇಟ್ಟಳು.

"ಬಂದು ಕೇಳಿದಾರೆ ಸಾರ್. ಮೂವತ್ತೆಂಟು ಜನ. ಪುಟ ಅವರಿಗೆ ಉತ್ತರ ಕೊಡಲಿಲ್ಲ."

ಸಾಹೇಬರು ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಕೊನೆಗೆ ಒಬ್ಬ ಒಳ್ಳೆಯ ಮನುಷ್ಯನಿಗೆ ಹೊಳೆಯಬಹುದಾದ ಅತ್ಯಂತ ಕೆಟ್ಟ ಉಪಾಯ ಅವರಿಗೆ ಹೊಳೆಯಿತು.

"ಸರಿ. ಪುಟದಲ್ಲಿ ತೋರಿಸಿಬಿಡು. ಬ್ರೌಸರಿನಲ್ಲಿರೋ ಆ ಮೂರು ಸಾಲು ತೆಗೆದುಹಾಕು. ಅದೇ ಮೂರು ಸಾಲನ್ನ ನಮ್ಮ ಸರ್ವರಿನಲ್ಲಿ ಬರಿ. ಹೆಂಗಸರ ಅರ್ಜಿ ಬಂದ್ರೆ ಸ್ವೀಕರಿಸಿದ್ದೇವೆ ಅಂತ ಉತ್ತರ ಹೋಗ್ಲಿ, ಅರ್ಜಿ ಒಂದು ಬದಿಗೆ ಹೋಗಿ ಕೂರ್ಲಿ. ಯಾರಿಗೂ ಕಾಣಲ್ಲ, ಯಾರಿಗೂ ಬೇಜಾರಿಲ್ಲ."

"ಬರೆಯಲ್ಲ ಸಾರ್."

ಅವಳಿಗೇ ಆಶ್ಚರ್ಯವಾಯಿತು. ಆರು ವರ್ಷದಲ್ಲಿ ಆ ಕೋಣೆಯಲ್ಲಿ ಆ ಮಾತು ಆಡಿರಲಿಲ್ಲ. ಆಡಿದ ಮೇಲೆ ಬಾಯಿ ಹಗುರಾಯಿತು.

"ಯಾಕೆ, ಬರೋಲ್ವಾ?"

"ಹತ್ತು ನಿಮಿಷದ ಕೆಲಸ ಸಾರ್. ಆವತ್ತೂ ಅಷ್ಟೇ ಹೊತ್ತು ಹಿಡಿದಿತ್ತು. ಬರುತ್ತೆ, ಬರೆಯಲ್ಲ. ಇಷ್ಟು ದಿನ ಬಾಗಿಲಿಲ್ಲ ಅಂತಾದ್ರೂ ಅವರಿಗೆ ಕಾಣ್ತಿತ್ತು. ಇನ್ನು ಬಾಗಿಲು ತೋರಿಸಿ ಒಳಗೆ ಬಾವಿ ತೋಡು ಅಂತೀರಾ?"

"ಬೇರೆಯವರ ಕೈಲಿ ಬರೆಸ್ತೀನಿ."

"ಬರೆಸಿ. ಬರೆಯೋರು ಯಾರ ಮಾತಿನ ಮೇಲೆ ಬರೆದ್ವಿ ಅಂತ ಕೆಳಗೆ ನಮೂದಿಸಬೇಕು, ಅದು ನಿಮ್ಮದೇ ನಿಯಮ. ನಾನು ಆವತ್ತು ನಮೂದಿಸಲಿಲ್ಲ, ಅದು ನನ್ನ ತಪ್ಪು. ಈಗ ತೆಗೆಯುವಾಗ ನಮೂದಿಸ್ತೀನಿ."

ದನಿ ಎತ್ತುವ ಅಭ್ಯಾಸವಿಲ್ಲದವರಿಗೆ ಬೇಕಾದಾಗ ದನಿ ಬರುವುದಿಲ್ಲ. "ನಾಳೆ ಬೆಳಿಗ್ಗೆ ಲಿಖಿತ ವಿವರಣೆ ಬೇಕು," ಎಂದಷ್ಟೇ ಅಂದರು.

"ನಿಮ್ಮ ಮೇಜಿನ ಮೇಲೇ ಇದೆ ಸಾರ್. ಏಳು ಹಾಳೆ," ಎಂದು ಅವಳು ಹೊರಟಳು.

ಎರಡೂವರೆಗೆ ಆ ಮೂರು ಸಾಲು ಅಳಿಸಿದಳು. ಕಾರಣದ ಜಾಗದಲ್ಲಿ, ಆರು ವರ್ಷದ ಹಿಂದೆ ಯಾರು ಹೇಳಿದ್ದು, ಯಾರು ಬರೆದದ್ದು, ಈಗ ಯಾರು ಯಾಕೆ ತೆಗೆದದ್ದು ಎಲ್ಲವನ್ನೂ ಒಂದಕ್ಷರ ಬಿಡದೆ ಬರೆದಳು. ಅಷ್ಟಕ್ಕೆ ಸುಮ್ಮನಾಗದೆ ಮೊದಲ ಪುಟದ ನೆತ್ತಿಯ ಮೇಲೆ ಕೆಂಪಕ್ಷರದಲ್ಲಿ ಹೀಗೆ ಹಾಕಿದಳು: "ಈವರೆಗೆ ಈ ಪುಟ ಹೆಂಗಸರಿಗೆ ಮೂರು ಹುದ್ದೆಗಳನ್ನು ತೋರಿಸುತ್ತಿರಲಿಲ್ಲ. ತಪ್ಪು ನಮ್ಮದು, ನಿಮ್ಮದಲ್ಲ. ಈಗ ಎಲ್ಲವೂ ಕಾಣುತ್ತಿವೆ. ಹಿಂದೆ ಬಂದು ಹೋದವರು ದಯವಿಟ್ಟು ಮತ್ತೆ ಬನ್ನಿ."

ಚಿಕ್ಕಮ್ಮ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಒಂದು ಬೆರಳಿನಿಂದ ಒತ್ತುತ್ತಿದ್ದಳು. ಪುಟದಮ್ಮ ಪರದೆಯ ಮೇಲೆ ದಿನಚರಿ ತೆರೆದು ಕಾದಳು. ಬಾಯಿಪಾಠದ ಆ ಸಂಖ್ಯೆ ಮೊದಲ ಪುಟದಿಂದ ಎರಡನೆಯದಕ್ಕೆ ಬಂತು. ಅಲ್ಲಿ ನಿಂತಿತು. ನಿಂತೇ ಇತ್ತು. ಆಮೇಲೆ ಮೂರನೇ ಪುಟದ ಸಾಲು ಬಿತ್ತು: ಹೆಣ್ಣು, ಕ್ರೇನ್. ಆರು ವರ್ಷದಲ್ಲಿ ಮೊದಲನೆಯದು.

"ಬಂತಾ?" ಚಿಕ್ಕಮ್ಮ ಬಾಗಿಲಲ್ಲಿ ಇಣುಕಿದಳು.

"ಬಂತು."

"ಉಳಿದೋರಿಗೆ?"

"ಅವರ ಸಂಖ್ಯೆ ನಾನು ಕೊಡೋ ಹಾಗಿಲ್ಲ ಚಿಕ್ಕಮ್ಮ. ಕಾರ್ಡಿನಲ್ಲಿ ಕಳಿಸಿದ್ದೇ ತಪ್ಪು, ಅದನ್ನ ಓದಿ ಹೇಳೋದು ಇನ್ನೊಂದು ತಪ್ಪು."

"ಯಾರಿಗೆ ಬೇಕು ನಿನ್ನ ಸಂಖ್ಯೆ? ಈ ಊರಲ್ಲಿ ಕ್ರೇನ್ ಹತ್ತೋ ಹೆಂಗಸರು ಯಾರ್ಯಾರು ಅಂತ ನಂಗೊತ್ತಿಲ್ವಾ!" ಚಿಕ್ಕಮ್ಮ ಆಗಲೇ ಫೋನ್ ಕಿವಿಗಿಟ್ಟುಕೊಂಡಿದ್ದಳು. "ಏ, ಎಲ್ಲಿದೀಯ? ಕೆಳಗಿಳಿ. ಇಳಿದು ಬಂದರಿನ ಪುಟ ತೆಗಿ. ಹೌದು, ಈಗಲೇ."

ಮೂರೂವರೆಗೆ ಇನ್ನೊಂದು ಸಾಲು. ನಾಲ್ಕರ ಹೊತ್ತಿಗೆ ಆರು. ನಾಲ್ಕೂವರೆಯ ನಂತರ ಎಣಿಕೆಯನ್ನು ಕಂಪ್ಯೂಟರಿಗೇ ಬಿಟ್ಟಳು. ಒಂದು ಮಧ್ಯಾಹ್ನ ಹನ್ನೊಂದು ಸಲ ಹಿಂದೆ ಮುಂದೆ ಓಡಾಡಿದವಳೂ ಬಂದಳು. ಈ ಸಲ ಒಂದೇ ಏಟಿಗೆ ದಾಟಿಹೋದಳು.

ಐದಕ್ಕೆ ನಾಲ್ಕು ನಿಮಿಷವಿರುವಾಗ ಸಾಹೇಬರು ಅವಳ ಕುರ್ಚಿಯ ಹಿಂದೆ ಬಂದು ನಿಂತರು, ಆರು ವರ್ಷದ ಹಿಂದೆ ನಿಂತಿದ್ದ ಜಾಗದಲ್ಲೇ.

"ಆ ಕೆಂಪಕ್ಷರ ತೆಗಿ. ಕಚೇರಿಯ ಮಾನ ಹೋಗ್ತಾ ಇದೆ."

"ಐದಕ್ಕೆ ಪುಟ ಮುಚ್ಚುತ್ತೆ, ಅದರ ಜೊತೆಗೇ ಹೋಗುತ್ತೆ ಸಾರ್. ಇನ್ನೂ ನಾಲ್ಕು ನಿಮಿಷ ಇದೆ."

ಇಬ್ಬರೂ ಪರದೆ ನೋಡಿದರು. ಇನ್ನೊಂದು ಸಾಲು ಬಿತ್ತು. ಅದರ ಹಿಂದೆಯೇ ಮತ್ತೊಂದು. ಸಾಹೇಬರು ಮೆಲ್ಲಗೆ ಕೇಳಿದರು, "ಎಷ್ಟಾಯ್ತು?"

"ಹತ್ತೊಂಬತ್ತು," ಎಂದಳು ಪುಟದಮ್ಮ, ತಿರುಗಿ ನೋಡದೆ. "ನಿಮ್ಮ ಸೊನ್ನೆಯ ಪಕ್ಕದಲ್ಲೇ ಬರೆದಿಟ್ಕೊಳ್ಳಿ ಸಾರ್."