ಬಾಯಲ್ಲಿ ಪೆಪ್ಪರ್‌ಮಿಂಟು

ಅಮ್ಮನ ಬಾಯಿ ಹಿಡಿತದಲ್ಲಿಲ್ಲ ಎಂಬುದು ಮನೆಮಂದಿಗೆಲ್ಲ ಗೊತ್ತು. ಮಗಳಿಗೆ ಯಾರೇ ಪ್ರಶ್ನೆ ಕೇಳಲಿ, ಉತ್ತರ ಅಮ್ಮನದೇ. ಹೋದ ವಾರ ಈ ಇಂಟರ್‌ನ್ಯಾಷನಲ್ ಸ್ಕೂಲಿನ ಸಂದರ್ಶನದಲ್ಲೂ ಅದೇ ಆಯಿತು. ಹೆಸರು ಕೇಳಿದರೆ ಅಮ್ಮ, ವಯಸ್ಸು ಕೇಳಿದರೆ ಅಮ್ಮ. ಮಗು ಮಾತಾಡುವುದೇ ಇಲ್ಲವಲ್ಲ, ಐದನೇ ಕ್ಲಾಸಿನ ಬದಲು ನಾಲ್ಕರಲ್ಲಿ ಕೂರಿಸೋಣ ಎಂದುಬಿಟ್ಟರು ಹೆಡ್‌ಮೇಡಂ. ಅಪ್ಪ ಗೋಗರೆದ ಮೇಲೆ ಇನ್ನೊಂದೇ ಒಂದು ಅವಕಾಶ ಸಿಕ್ಕಿತ್ತು.

ಅಪ್ಪನ ಕಂಪನಿ ವರ್ಗ ಮಾಡಿದಾಗಲೆಲ್ಲ ಗಂಟುಮೂಟೆ ಕಟ್ಟಿ ಕಟ್ಟಿ, ಪುಟ್ಟಿಗೆ ಇದು ನಾಲ್ಕನೇ ದೇಶ, ನಾಲ್ಕನೇ ಸ್ಕೂಲು. ಇಷ್ಟು ಅಲೆದ ಮೇಲೆ ಹಿಂದಕ್ಕೂ ತಳ್ಳಿಸಿಕೊಳ್ಳಬೇಕೆ? ಅದೂ ಹೆತ್ತವಳ ಬಾಯಿಂದ?

"ಇವತ್ತೊಂದು ದಿನ ತುಟಿ ಬಿಚ್ಚಬೇಡ, ನಿನ್ನ ದಮ್ಮಯ್ಯ," ಎಂದು ಅಪ್ಪ ಹೆಡ್‌ಮೇಡಂ ಕೋಣೆಯ ಬಾಗಿಲಲ್ಲೇ ಅಮ್ಮನ ಬಾಯಿಗೆ ದೊಡ್ಡದೊಂದು ಪೆಪ್ಪರ್‌ಮಿಂಟು ತುರುಕಿದ.

ಹೆಡ್‌ಮೇಡಂ ಪುಟ್ಟಿಯತ್ತ ಬಾಗಿ, ಕ್ಲಾಸಿಗೆ ಹೊಸ ಮಗು ಬಂದರೆ ಏನು ಮಾಡುತ್ತೀ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಪುಟ್ಟಿ ರೂಢಿಯಂತೆ ಅಮ್ಮನ ಮುಖ ನೋಡಿದಳು. ಅಯ್ಯೋ, ಉತ್ತರ ಅಮ್ಮನ ನಾಲಿಗೆ ತುದಿಯಲ್ಲೇ ಇತ್ತು! ಅಮ್ಮ ಪೆಪ್ಪರ್‌ಮಿಂಟನ್ನು ಈ ದವಡೆಯಿಂದ ಆ ದವಡೆಗೆ ತಳ್ಳಿ, ಕಿಟಕಿ ಕಡೆ ತಿರುಗಿಬಿಟ್ಟಳು. ಅಪ್ಪನ ಹಣೆಯಲ್ಲಿ ಬೆವರು.

"ಮೊದಲು ಟಾಯ್ಲೆಟ್ ಎಲ್ಲಿದೆ ಅಂತ ತೋರಿಸ್ತೀನಿ," ಎಂದಳು ಪುಟ್ಟಿ, ಅದೇ ಇಂಗ್ಲಿಷಿನಲ್ಲಿ. "ಅದನ್ನ ಯಾರೂ ಹೇಳಲ್ಲ, ಕೇಳೋಕೆ ನಾಚಿಕೆ ಆಗುತ್ತೆ. ಆಮೇಲೆ ಊಟಕ್ಕೆ ನನ್ನ ಪಕ್ಕ ಕೂರಿಸ್ಕೊತೀನಿ. ಒಬ್ಬಳೇ ಕೂತ್ರೆ ತುತ್ತು ಗಂಟಲಲ್ಲಿ ಇಳಿಯಲ್ಲ. ಹೆಸರು ತಪ್ಪಾಗಿ ಕರೆದ್ರೆ ನಾನೇ ಟೀಚರಿಗೆ ಹೇಳ್ತೀನಿ. ನನಗೆ ಮೂರು ಸ್ಕೂಲಲ್ಲೂ ಹೀಗೇ ಆಗಿದೆ, ಮೇಡಂ."

ಅಮ್ಮನ ಎದೆ ಧಸಕ್ಕೆಂದಿತು. ಇದರಲ್ಲಿ ಒಂದೂ ಅವಳಿಗೆ ಗೊತ್ತಿರಲಿಲ್ಲ. ಮಗಳಿಗೆ ಬಾಯಿ ಬಿಡಲು ಬಿಟ್ಟಿದ್ದರೆ ತಾನೆ ಗೊತ್ತಾಗುವುದು!

ಹೆಡ್‌ಮೇಡಂ ಪೆನ್ನು ಕೆಳಗಿಟ್ಟರು. ಇಲ್ಲಿಗೆ ತಿಂಗಳು ತಿಂಗಳೂ ಹೊಸ ಮಕ್ಕಳು ಬರುತ್ತಾರೆ, ಸೋಮವಾರದಿಂದ ಅವರನ್ನೆಲ್ಲ ಬರಮಾಡಿಕೊಳ್ಳುವ ಕೆಲಸ ನಿನ್ನದೇ ಎಂದರು. ಕ್ಲಾಸು? ಐದನೆಯದು, ಅದರಲ್ಲೇನು ಅನುಮಾನ! ಅಪ್ಪ ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿ, ಆಮೇಲೆ ನಾಚಿ ಕೂತ.

"ತಾಯಿಯವರು ಏನಾದ್ರೂ ಹೇಳೋದಿದೆಯಾ?" ಎಂದು ಹೆಡ್‌ಮೇಡಂ ನಗುತ್ತ ಕೇಳಿದರು.

ಹೇಳುವುದು ಬೆಟ್ಟದಷ್ಟಿತ್ತು. ಪೆಪ್ಪರ್‌ಮಿಂಟು ಆಗಲೇ ಕರಗಿ ಹೋಗಿತ್ತು ಕೂಡ. ಅಮ್ಮ ಕಣ್ಣೊರೆಸಿಕೊಂಡು ಮಗಳ ಕಡೆ ಕೈ ತೋರಿಸಿದಳು.

"ಅವಳನ್ನೇ ಕೇಳಿ."